ವಾಲ್ವಿನ ಟೊಪ್ಪಿ, ದುಂಡು ತುಕ್ಕುಡಿ

ನಮ್ಮ ಮನೆಯವರಿಗೆ ಐವತ್ತು ದಾಟಿದ ಮೇಲೆ ಹಿಡಿದ ಮರುಳು ವಾಲ್ವ್ ಆಂಪ್ಲಿಫೈಯರಿನದ್ದು. ಉಪ್ಪಳದ ಹಳೆ ಸಾಮಾನಿನ ಅಂಗಡಿಯಿಂದ ಅದನ್ನು ಮಗುವಿನ ಹಾಗೆ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದರು. ಮೇಲೆ ಸಾಲಾಗಿ ಬಲ್ಬಿನಂಥ ಗಾಜಿನ ವಾಲ್ವುಗಳು. ಎರಡು ಚಿಕ್ಕವಕ್ಕೆ ಮಾತ್ರ ಹೆಬ್ಬೆರಳುದ್ದದ ಲೋಹದ ಟೊಪ್ಪಿ. ಬೆಳಕೇ ಕಾಣುವುದಿಲ್ಲವೆಂದು ಇವರು ಆ ಟೊಪ್ಪಿಗಳನ್ನು ಕಳಚಿ ಮೇಜಿನ ಮೇಲೆ ಬಿಸಾಡಿ, ಕೆಂಪು ಮಿಣುಕನ್ನು ನೋಡುತ್ತಾ ಕೂತರು. ಮದುವೆಯ ದಿನ ನನ್ನನ್ನೂ ಇಷ್ಟು ಹೊತ್ತು ನೋಡಿದ್ದಿಲ್ಲ.

ಇಷ್ಟೆಲ್ಲ ಒಂದು ಕ್ಯಾಸೆಟ್ಟಿಗಾಗಿ. ತೀರಿಹೋದ ನನ್ನ ಅತ್ತೆಯ ದನಿ ಉಳಿದಿರುವುದು ಅದೊಂದರಲ್ಲೇ, ಇವರು ಚಿಕ್ಕವರಿದ್ದಾಗ ಯಾವಾಗಲೋ ಮನೆಯಲ್ಲಿ ಹಾಡಿದ ಆರತಿ ಹಾಡು. ಅದನ್ನು ಕೇಳಲೆಂದೇ ಇವರ ಅಕ್ಕ ಭಾನುವಾರ ಕುಂಬ್ಡಾಜೆಯಿಂದ ಬರುವವರಿದ್ದರು.

ಶನಿವಾರ ನಾನು ಅತ್ತಿಗೆಗೆಂದು ತುಕ್ಕುಡಿ ಮಾಡಲು ಕೂತೆ. ಮೈದಾ ಲಟ್ಟಿಸಿ ಚೂರಿಯಲ್ಲಿ ಓರೆಯಾಗಿ ಕತ್ತರಿಸಿ ಕರಿಯುವುದು ರೂಢಿ. ಮೇಜಿನ ಮೇಲೆ ಅನಾಥವಾಗಿ ಬಿದ್ದಿದ್ದ ಟೊಪ್ಪಿಗಳನ್ನು ಕಂಡಾಗ ನನಗೂ ಸ್ವಲ್ಪ ಮರುಳು ಹಿಡಿಯಿತು. ಚೆನ್ನಾಗಿ ತೊಳೆದು ಅವುಗಳಿಂದಲೇ ಒತ್ತಿದೆ. ನಾಣ್ಯದಂಥ ದುಂಡು ತುಕ್ಕುಡಿ!

ಆಚೆ ಕೋಣೆಯಲ್ಲಿ ಆಂಪ್ಲಿಫೈಯರ್ ಗುಂಯ್ ಎನ್ನುತ್ತಿತ್ತು. ಇವರು ಫ್ರಿಜ್ಜು ಬಂದ್ ಮಾಡಿದರು, ಫ್ಯಾನು ಬಂದ್ ಮಾಡಿದರು, ನನ್ನ ಮಿಕ್ಸಿಯ ಪ್ಲಗ್ಗನ್ನು ಕಿತ್ತರು. ಆದರೂ ಗುಂಯ್. ಕೊನೆಗೆ ಇಲ್ಲೇ ಹತ್ತಿರದ ಅನಂತಪುರದ ಇಂಡಸ್ಟ್ರಿಯಲ್ ಎಸ್ಟೇಟಿನ ಕಡೆಗೆ ಬೆರಳು ತೋರಿಸಿದರು. ಅಲ್ಲಿನ ಕಾರ್ಖಾನೆಗಳನ್ನು ಬಂದ್ ಮಾಡಿಸಲು ಹೊರಡದಿದ್ದದ್ದು ನನ್ನ ಪುಣ್ಯ.

ಭಾನುವಾರ ಅತ್ತಿಗೆ ಬಂದು ತುಕ್ಕುಡಿ ಬಾಯಿಗೆ ಹಾಕಿ, "ಎಷ್ಟು ಚೆಂದ ಉಂಟು! ಎಂತದರಲ್ಲಿ ಕತ್ತರಿಸಿದ್ದು?" ಎಂದರು. ನಾನು ಉಬ್ಬಿದೆ. ಆಂಪ್ಲಿಫೈಯರಿಗೆ ಜೋಡಿಸಿದ ಟೇಪ್ ರೆಕಾರ್ಡರಿಗೆ ಕ್ಯಾಸೆಟ್ ಹಾಕಿದರೆ ಗುಂಯ್‌ನ ಆಚೆ ಯಾರೋ ಹಾಡಿದಂತೆ ಇತ್ತು, ಅಷ್ಟೆ. ಅತ್ತಿಗೆ ಸ್ಪೀಕರಿಗೆ ಕಿವಿ ಹಚ್ಚಿದರು.

"ಇದು ಅಮ್ಮನಾ, ಜೇನುನೊಣವಾ?"

ಕೇಳುವಾಗ ಅವರ ಕಣ್ಣು ತುಂಬಿತ್ತು. ನಾನು ಬಂದ ನಗುವನ್ನು ನುಂಗಿಕೊಂಡು ತುಕ್ಕುಡಿಯ ತಟ್ಟೆಯನ್ನು ಅವರತ್ತ ಸರಿಸಿದೆ.

ಇವರು ಸೋತು ಅಂಗಡಿಯವರಿಗೆ ಫೋನ್ ಮಾಡಿದರು. "ಸಣ್ಣ ವಾಲ್ವಿನ ಟೊಪ್ಪಿ ಎಲ್ಲಿ ಉಂಟು?" ಎಂದರು ಅವರು. "ಅದು ಚೆಂದಕ್ಕೆ ಇಟ್ಟದ್ದಲ್ಲ ಮಾರಾಯ್ರೆ. ಸುತ್ತಲಿನ ಕರೆಂಟಿನ ಗಲಾಟೆ ಒಳಗೆ ಹೋಗದ ಹಾಗೆ ತಡೆಯುವುದೇ ಅದು. ಇಲ್ಲದಿದ್ದರೆ ಹಾಡಿನ ಜೊತೆ ಗಲಾಟೆಯೂ ದೊಡ್ಡದಾಗ್ತದೆ."

ಇವರು ಮೇಜು ನೋಡಿದರು. ನಾನು ತುಕ್ಕುಡಿಯ ತಟ್ಟೆ ನೋಡಿದೆ.

"ಎಂತ ಮಾಡಿದೆ ಮಾರಾಯ್ತಿ?"

"ಕಳಚಿ ಬಿಸಾಡಿದ್ದು ಯಾರು? ನಾನು ತೊಳೆದಾದರೂ ಇಟ್ಟಿದ್ದೇನೆ!"

ಪೂರ್ತಿ ತೊಳೆದಿರಲಿಲ್ಲ, ಒಳಗೆ ಮೈದಾ ಒಣಗಿ ಕಚ್ಚಿಕೊಂಡಿತ್ತು. ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ಬಿಸಿಲಿಗಿಟ್ಟು ಒಣಗಿಸಿ ಕೊಟ್ಟೆ. ಅಷ್ಟರಲ್ಲಿ ಆಫ್ ಮಾಡಿಟ್ಟ ವಾಲ್ವುಗಳೂ ತಣಿದಿದ್ದವು. ಇವರು ಟೊಪ್ಪಿ ತೊಡಿಸಿ ಸ್ವಿಚ್ ಹಾಕಿದರು. ಗುಂಯ್ ಮಾಯ! ಇವರು ಮಾತಿಗೆ ತೊಡಗಿದಾಗ ಹಾಕಿಕೊಳ್ಳಲು ನನಗೂ ಅಂಥದ್ದೊಂದು ಸಿಕ್ಕಿದರೆ ಆಗಬಹುದಿತ್ತು.

ಅತ್ತೆ ಹಾಡಿದರು, ಪಕ್ಕದ ಕೋಣೆಯಲ್ಲೇ ಇದ್ದಷ್ಟು ಸ್ಪಷ್ಟವಾಗಿ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಇವರು ಆಂಪ್ಲಿಫೈಯರಿನ ಮೇಲೆ ಕೈಯಿಟ್ಟು ಉಸಿರು ಬಿಗಿಹಿಡಿದು ನಿಂತಿದ್ದರು. ಎರಡನೆಯ ಚರಣದಲ್ಲಿ ಹಾಡು ತಟ್ಟನೆ ನಿಂತಿತು. ಏನೋ ಟಕ್ ಟಕ್ ಸದ್ದು, ಹಿಂದೆಯೇ ಅತ್ತೆಯ ಗದರಿಕೆ:

"ಮುಟ್ಟಬೇಡ ಮಗಾ! ಟೇಪಿನ ಮುಚ್ಚಳ ತೆಗಿಬೇಡ ಅಂತ ಎಷ್ಟು ಸಲ ಹೇಳುವುದು ನಿಂಗೆ?"

ಐವತ್ತು ದಾಟಿದ ನಮ್ಮ ಮನೆಯವರು ಕೈಯನ್ನು ಸರ್ರನೆ ಹಿಂದಕ್ಕೆಳೆದುಕೊಂಡರು.