ಲಾರಿ ಉಕ್ಕಿನ ಆಕ್ಸಲ್

ಮಾರ್ನಮಿಯ ಮಾರನೇ ದಿನ ಶಾಲೆಗೆ ಕೈಮುಗಿದು ಮನೆ ಬಿಟ್ಟವನು, ಅಲೆದಲೆದು ಶಿವಮೊಗ್ಗದ ಬಾಷಾ ಸಾಬರ ಗ್ಯಾರೇಜು ಸೇರಿದ್ದೆ. ಅಲ್ಲಿಗೊಬ್ಬ ಎಸ್ಟೇಟು ಧಣಿ ತನ್ನ ಹಳೇ ಸ್ಪೋರ್ಟ್ಸ್ ಕಾರು ಎಳೆಸಿಕೊಂಡು ಬಂದ. ಹಿಂದಿನ ಗಾಲಿ ತಿರುಗಿಸುವ ಆಕ್ಸಲ್ ಮತ್ತೆ ಮುರಿದಿತ್ತು.

"ಭಾನುವಾರ ಇಲ್ಲೇ ಹೊಸಮನೆ ಬಡಾವಣೇಲಿ ಹೆಣ್ಣು ನೋಡೋದಿದೆ. ಅಲ್ಲಿ ಮುರಿದ್ರೆ ನಿಮ್ಮಿಬ್ಬರ ಕಾಲೂ ಮುರೀತೀನಿ!"

ನಾನು ಭದ್ರಾವತಿಗೆ ಹೋಗಿ, ಗುಜರಿ ಲಾರಿಯ ಆಕ್ಸಲನ್ನು ಲೇತಿನಲ್ಲಿ ಸಣ್ಣ ಮಾಡಿಸಿ ತಂದು ಕೂರಿಸಿದೆ. ಸಾಬರು ಗಾಲಿಗೆ ನಿಂಬೆಹಣ್ಣಿಟ್ಟು, "ಆನೆ ಕೂತ್ರೂ ಮುರಿಯಲ್ಲ, ಹೋಗು ಮಾರಾಯ" ಅಂದರು.

ಹೆಣ್ಣಿನ ಮನೆಯವರೆಲ್ಲ ಬಾಗಿಲಿಗೆ ಬಂದು ನಿಂತಾಗ ಧಣಿ ಜಂಬದಿಂದ ಕ್ಲಚ್ಚನ್ನು ಒಮ್ಮೆಲೇ ಬಿಟ್ಟನಂತೆ. ಆಕ್ಸಲ್ ಜಗ್ಗಲಿಲ್ಲ. ಅದು ಜಗ್ಗದ ತಪ್ಪಿಗೆ ಏಟೆಲ್ಲ ಒಳಗೆ ಬಿದ್ದು ಗೇರಿನ ಹಲ್ಲುಗಳೆಲ್ಲ ಉದುರಿದವು. ಮಾವನಾಗಬೇಕಿದ್ದವರೇ ಕಾರನ್ನು ಗ್ಯಾರೇಜಿನವರೆಗೆ ತಳ್ಳಿಕೊಂಡು ಬಂದರು.

"ಆಕ್ಸಲ್ ಮುರೀತಾ? ಇಲ್ವಲ್ಲ!" ಸಾಬರು ಪಟ್ಟು ಬಿಡಲಿಲ್ಲ.

ನ್ಯಾಯ ನಮ್ಮ ಕಡೆಗೇ ಇತ್ತು. ಸ್ಪ್ಯಾನರು ಮಾತ್ರ ಧಣಿಯ ಕೈಯಲ್ಲಿತ್ತು. ನಾನು ಹಿಂದಿನ ಕೋಣೆಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದೆ.