ಅಡವಿಯಪ್ಪನಿಗೆ ಸಿಗದ ಬೈಗುಳ

ತುಮಕೂರಿನ ಬ್ಯಾಂಕೊಂದರ ಬಾಗಿಲಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ಗೂಳೂರಿನ ಅಡವಿಯಪ್ಪನನ್ನು ಎಪ್ಪತ್ತರ ದಶಕದ ಕೊನೆಯಲ್ಲಿ ನೋಡಿದವರಿಗೆ ಅವನ ಮೀಸೆ ನೆನಪಿರುತ್ತದೆ. ಮೀಸೆ ನೋಡಿದರೆ ಭಯ, ಬಾಯಿ ಬಿಟ್ಟರೆ ನಗು. ಚಲನ್ ತುಂಬಲು ಬಂದ ಮುದುಕಿಯರನ್ನೂ ಬಿಡದೆ ಮಾತಾಡಿಸುವ ಆಸಾಮಿ. ಬ್ಯಾಂಕಿಗೆ ಸೇರುವ ಮುಂಚೆ ಅವನು ಸೈನ್ಯದಲ್ಲಿದ್ದ. ಸುಮ್ಮನೆ ಸೈನ್ಯವಲ್ಲ ಮತ್ತೆ! ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕುವ ಪಡೆ. ಆ ಪಡೆಯವರ ಬಾಯಲ್ಲಿ ಪ್ಯಾರಾಚೂಟಿಗೆ ಛತ್ರಿ ಅಂತ ಹೆಸರು. ಪಿಂಚಣಿ ತಗೊಂಡು ಊರಿಗೆ ಬಂದು ಎಷ್ಟು ವರ್ಷವಾದರೂ ಅಡವಿಯಪ್ಪನ ತಲೆಯಿಂದ ಮಾತ್ರ ಛತ್ರಿ ಇಳಿಯಲಿಲ್ಲ.

"ನಮ್ಮೆಜಮಾನ್ರು ಮಂಚದಿಂದ ಇಳಿಯೋಕೂ ಜಂಪ್ ಅಂತಾರೆ ಕಣಕ್ಕ," ಎಂದು ಅವನ ಹೆಂಡತಿ ಕೊಲ್ಲಾಪುರಮ್ಮ ನಲ್ಲಿಯ ಹತ್ತಿರ ಹೆಂಗಸರಿಗೆ ಹೇಳಿ ನಗಿಸುತ್ತಿದ್ದಳು.

ಈ ಹುಚ್ಚಿಗೆ ಜೊತೆಯಾಗಿ ಇನ್ನಿಬ್ಬರಿದ್ದರು. ಒಬ್ಬ ಗುಬ್ಬಿ ಪಕ್ಕದ ಬಿದರೆಹಳ್ಳಿ ಕಾವಲಿನ ಜುಂಜಪ್ಪ. ಸೈನ್ಯ ಬಿಟ್ಟ ಮೇಲೆ ಕುರಿ ಕಟ್ಟಿಕೊಂಡು, ಒಂದಿಷ್ಟು ರಾಗಿ ಬೆಳೆದುಕೊಂಡು ಇದ್ದವನು. ಇನ್ನೊಬ್ಬ ಕುಣಿಗಲ್ಲಿನ ಸಿದ್ದಗಂಗಯ್ಯ, ಕುದುರೆ ನೋಡಿಕೊಳ್ಳುವ ಕೆಲಸದವನು. ಮೂವರೂ ಆಗ್ರಾದಲ್ಲಿ ಒಂದೇ ಬ್ಯಾಚಿನಲ್ಲಿ ಜಂಪ್ ಕಲಿತವರು. ಪ್ರತಿ ಭಾನುವಾರ ಗುಬ್ಬಿ ಬಸ್ ಸ್ಟ್ಯಾಂಡಿನ ಎದುರು ಷಡಕ್ಷರಿಯ ಹೋಟೆಲಿನಲ್ಲಿ ಸೇರುತ್ತಿದ್ದರು. ಸೇರಿದರೆಂದರೆ ಮುಗಿಯಿತು, ಉಳಿದ ಗಿರಾಕಿಗಳಿಗೆ ಕೂರಲು ಬೆಂಚಿಲ್ಲ, ಕಿವಿಗೆ ನೆಮ್ಮದಿಯಿಲ್ಲ.

"ಬಾಂಗ್ಲಾ ಯುದ್ಧದಲ್ಲಿ ಈ ಗಂಗ ಇಳಿದಿದ್ದೆಲ್ಲಿ ಕೇಳಿ ಸ್ವಾಮಿ," ಎಂದು ಜುಂಜಪ್ಪ ಶುರು ಹಚ್ಚುತ್ತಿದ್ದ. "ಕೆರೆ ಒಳಕ್ಕೆ! ಶತ್ರು ಮ್ಯಾಲೆ ಬೀಳೋ ಅಂದ್ರೆ ಮೀನಿನ ಮ್ಯಾಲೆ ಬಿದ್ದವ್ನೆ!"

"ನಾನಾದ್ರೂ ನೀರಿಗೆ ಬಿದ್ದೆ ಕಣ್ಲಾ. ಟ್ರೈನಿಂಗ್‌ನಲ್ಲಿ ನೀನು ಎಮ್ಮೆ ಮ್ಯಾಲೆ ಕುಂತ್ಕಂಡಿದ್ದು ಮರ್ತ್ಯಾ?" ಎನ್ನುತ್ತಿದ್ದ ಸಿದ್ದಗಂಗಯ್ಯ.

"ಎಮ್ಮೆ ತಾನಾಗೇ ಕೆಳಕ್ಕೆ ಬಂದಿದ್ದು ಕಣೋ, ನಾನೇನ್ ಮಾಡ್ಲಿ!"

ಷಡಕ್ಷರಿ ಲೋಟ ತೊಳೆಯುತ್ತಲೇ ಗೊಣಗುತ್ತಿದ್ದ: "ಬಸ್ ನಿಲ್ಲೋ ಮುಂಚೆ ಧುಮುಕೋ ಚಾಳಿ ನಮ್ಮೂರಲ್ಲಿ ಎಲ್ರಿಗೂ ಐತೆ. ನಿಮ್ಗೊಬ್ರಿಗೇ ಏನ್ ಮೆಡಲ್ಲು?"

ಈಗ ಅವರ ಒಂದು ಪದ್ಧತಿ ಹೇಳಬೇಕು, ಯಾಕೆಂದರೆ ಮನೆ ಹಾಳಾಗಿದ್ದು ಅದರಿಂದಲೇ. ಧುಮುಕುವವನ ಬೆನ್ನ ಮೇಲಿನ ಛತ್ರಿಯಿಂದ ಒಂದು ಉದ್ದನೆಯ ಪಟ್ಟಿ ಹೊರಟು ವಿಮಾನದೊಳಗೆ ಕೊಕ್ಕೆಗೆ ಸಿಕ್ಕಿರುತ್ತದೆ. ಮನುಷ್ಯ ಹೊರಗೆ ಬಿದ್ದಾಗ ಆ ಪಟ್ಟಿ ಎಳೆದು ಛತ್ರಿ ಬಿಚ್ಚಿಕೊಳ್ಳುತ್ತದೆ. ಪಟ್ಟಿ ತೋಳಿಗೋ ಕಾಲಿಗೋ ಸಿಕ್ಕಿಹಾಕಿಕೊಂಡರೆ ಕಥೆ ಮುಗಿಯಿತು. ತನ್ನ ಬೆನ್ನು ತನಗೆ ಕಾಣುವುದಿಲ್ಲವಲ್ಲ, ಆದ್ದರಿಂದ ಹಿಂದೆ ನಿಂತವನು ಮುಂದಿನವನ ಬೆನ್ನನ್ನು ಕಣ್ಣಿಂದ ನೋಡಿ, ಪಟ್ಟಿಯನ್ನು ಕೈಯಿಂದ ಸವರಿ, ಎಲ್ಲ ಸರಿಯಿದ್ದರೆ ಬೆನ್ನಿಗೊಂದು ಏಟು ಕೊಟ್ಟು "ಓಕೆ!" ಎಂದು ಕೂಗಬೇಕು. ಆ ಏಟು ಬಿದ್ದ ಮೇಲೆ ಮುಂದಿನವನು ಹಿಂದೆ ತಿರುಗಿ ನೋಡುವುದಿಲ್ಲ. ಅಷ್ಟು ನಂಬಿಕೆ.

ಈ ಏಟನ್ನು ಮೂವರೂ ಊರಿಗೆ ಹೊತ್ತು ತಂದಿದ್ದರು. ನಮಸ್ಕಾರ ಗಿಮಸ್ಕಾರ ಏನೂ ಇಲ್ಲ, ಹೋಟೆಲಿಗೆ ಕಾಲಿಟ್ಟರೆ ಬೆನ್ನಿಗೆ ಫಟೀರ್ ಅಂತ ಒಂದು, "ಓಕೆ!" ಬಸ್ಸು ಹತ್ತುವಾಗ ಒಂದು, ಎಲೆ ಅಡಿಕೆ ಹಾಕಿಕೊಂಡಾಗ ಒಂದು. ಸಿದ್ದಗಂಗಯ್ಯನ ಮಗಳ ಮದುವೆಯಲ್ಲಿ ಧಾರೆ ಎರೆಯಲು ಬಗ್ಗಿದವನ ಬೆನ್ನಿಗೂ ಜುಂಜಪ್ಪ ಒಂದು ಬಾರಿಸಿ, ಪುರೋಹಿತರು ಮಂತ್ರ ಮರೆತು ಬಾಯಿ ಬಿಟ್ಟುಕೊಂಡು ನೋಡಿದ್ದರು. ಹತ್ತಿರ ಹತ್ತು ವರ್ಷ ಹೀಗೇ ನಡೆಯಿತು. ನೋಡಿ ಹೊಡೆಯಬೇಕಾದ ಏಟು ನೋಡದೆ ಹೊಡೆಯುವ ತಮಾಷೆಯಾಗಿದ್ದು ಮೂವರಲ್ಲಿ ಒಬ್ಬನಿಗೂ ಗೊತ್ತಾಗಲಿಲ್ಲ.

ಎಂಬತ್ತಮೂರರಲ್ಲಿ ತುಮಕೂರಿನ ಸಂಘವೊಂದು ತನ್ನ ಬೆಳ್ಳಿಹಬ್ಬಕ್ಕೆ ಜನ ಸೇರಿಸಲು ಆಕಾಶದಿಂದ ಧುಮುಕುವ ಪ್ರದರ್ಶನ ಇಟ್ಟಿತು. ಬೆಂಗಳೂರಿನ ನಿವೃತ್ತ ಮೇಜರ್ ಒಬ್ಬರು ಪುಟ್ಟ ವಿಮಾನ, ಛತ್ರಿಗಳು ಎಲ್ಲ ಹೊಂದಿಸಿದ್ದರು. ಅವರಿಗೆ ಸಿದ್ದಗಂಗಯ್ಯನ ಪರಿಚಯವಿತ್ತು. ಈ ಕಡೆಯವರೇ ಮೂವರು ಇದ್ದಾರೆಂದು ತಿಳಿದು ಹೇಳಿಕಳಿಸಿದರು. ಅಯ್ಯೋ, ಆ ದಿನ ಷಡಕ್ಷರಿಯ ಹೋಟೆಲಿನಲ್ಲಿ ನಡೆದ ಗದ್ದಲ ಕೇಳಬೇಡಿ! ನಲವತ್ತು ದಾಟಿದ ಗಂಡಸರು ಕುಣಿದಾಡಿಬಿಟ್ಟರು. ಇಳಿಯಲು ಮಟ್ಟಸವಾದ ಬಯಲು ಬೇಕಿತ್ತು. ಜುಂಜಪ್ಪ ಹಟ ಹಿಡಿದು ತಮ್ಮ ಕಾವಲಿನ ಹುಲ್ಲುಗಾವಲನ್ನೇ ಗೊತ್ತು ಮಾಡಿಸಿದ.

"ನಮ್ ಹನುಮಂತಿ ನೋಡ್ಬೇಕು ಕಣ್ಲಾ ಅಡವಿ," ಎಂದ. ಹನುಮಂತಮ್ಮ ಅವನ ಹೆಂಡತಿ. "ಮದ್ವೆ ಆದಾಗಿಂದ ಹೇಳ್ತಾವ್ನಿ, ನಂಬಾಕಿಲ್ಲ. ನೀವು ಬರೀ ಬುರುಡೆ ಅಂತಾಳೆ. ಒಂದ್ಸಲ ಅವಳ ಕಣ್ಮುಂದೆ ಇಳಿದ್ಬುಟ್ರೆ ಸಾಕು, ಇನ್ನೇನೂ ಬ್ಯಾಡ ನಂಗೆ."

ಮೂವರೂ ಬೆಂಗಳೂರಿಗೆ ಹೋಗಿ ಡಾಕ್ಟರಿಗೆ ಮೈ ತೋರಿಸಿ, ಒಂದು ವಾರ ಅಭ್ಯಾಸ ಮಾಡಿ ಬಂದರು. ಪ್ರದರ್ಶನದ ದಿನ ವಿಮಾನ ಕಾವಲಿನ ಮೇಲೆ ಸುತ್ತತೊಡಗಿದಾಗ ಕೆಳಗೆ ಗುಬ್ಬಿಗೆ ಗುಬ್ಬಿಯೇ ನೆರೆದಿತ್ತು. ಬಾಗಿಲ ಹತ್ತಿರ ಮೊದಲು ಸಿದ್ದಗಂಗಯ್ಯ, ಅವನ ಹಿಂದೆ ಜುಂಜಪ್ಪ, ಕೊನೆಗೆ ಅಡವಿಯಪ್ಪ. ಸಿದ್ದಗಂಗಯ್ಯ ಧುಮುಕಿದ. ಜುಂಜಪ್ಪ ಬಾಗಿಲಿಗೆ ಬಂದು ಕೆಳಗೆ ಬಗ್ಗಿ ನೋಡಿದವನೇ ಗಾಳಿಯ ಆರ್ಭಟದಲ್ಲೂ ಕಿರುಚಿದ:

"ಲೇ ಅಡವಿ, ಅಲ್ನೋಡ್ಲಾ, ನಮ್ ಕುರಿ!"

ಅಡವಿಯಪ್ಪನೂ ಬಗ್ಗಿ ನೋಡಿದ. ಹೌದು, ಬಯಲಿನ ಅಂಚಿನಲ್ಲಿ ಅಕ್ಕಿ ಚೆಲ್ಲಿದ ಹಾಗೆ ಕುರಿಗಳು. ಅವನಿಗೆ ನಗು ತಡೆಯಲಾಗಲಿಲ್ಲ. ನಗುನಗುತ್ತಲೇ ಜುಂಜಪ್ಪನ ಬೆನ್ನಿಗೆ ಫಟೀರ್ ಎಂದು ಬಾರಿಸಿ "ಓಕೆ!" ಎಂದ. ಗುಬ್ಬಿಯ ಹೋಟೆಲಿನಲ್ಲಿ ಬಾರಿಸುವಂತೆಯೇ ಬಾರಿಸಿದ. ಅವನ ಕಣ್ಣು ಕುರಿಯ ಮೇಲಿತ್ತು. ಜುಂಜಪ್ಪನ ಪಟ್ಟಿ ತೋಳಿನ ಕೆಳಗೆ ನುಸುಳಿ ಸುತ್ತಿಕೊಂಡಿತ್ತು.

ಅದು ಕಂಡಿದ್ದು ಜುಂಜಪ್ಪ ಬಾಗಿಲು ಬಿಟ್ಟ ಮೇಲೆ. ಪಟ್ಟಿ ಬಿಗಿದು ಅವನ ತೋಳನ್ನು ಹಿಂದಕ್ಕೆ ತಿರುಚಿತು, ಆಳು ಗಿರ್ರನೆ ತಿರುಗಿದ, ಛತ್ರಿ ಬಿಚ್ಚಿಕೊಂಡರೂ ಹಗ್ಗಗಳು ಹುರಿಗೊಂಡು ಅರ್ಧಂಬರ್ಧ ಉಬ್ಬಿತು. ಏನು ಮಾಡುತ್ತಿದ್ದೇನೆಂಬ ಅರಿವಿಲ್ಲದೆ ಅಡವಿಯಪ್ಪನೂ ಅವನ ಹಿಂದೆ ಧುಮುಕಿದ. ಅವನ ಛತ್ರಿ ಅಚ್ಚುಕಟ್ಟಾಗಿ ತೆರೆದುಕೊಂಡಿತು. ಅದೇ ಅವನ ಕರ್ಮ. ಬೇಗ ಇಳಿಯುವ ಹಾಗಿಲ್ಲ, ಕಣ್ಣು ಮುಚ್ಚಲಾಗಲಿಲ್ಲ. ನಿಧಾನವಾಗಿ ತೇಲುತ್ತಾ, ಗೆಳೆಯ ಸರ್ರನೆ ಕೆಳಗಿಳಿಯುವುದನ್ನು ಮೇಲಿನಿಂದ ಪೂರ್ತಿ ನೋಡಬೇಕಾಯಿತು. ಜನ ಅದೂ ಒಂದು ಕಸರತ್ತೆಂದು ತಿಳಿದು ಚಪ್ಪಾಳೆ ತಟ್ಟುತ್ತಿದ್ದರು. ಜುಂಜಪ್ಪ ನೆಲಕ್ಕೆ ಅಪ್ಪಳಿಸುವವರೆಗೂ ತಟ್ಟಿದರು. ಹನುಮಂತಮ್ಮನೂ ತಟ್ಟುತ್ತಿದ್ದಳು.

ಪ್ರಾಣ ಹೋಗಲಿಲ್ಲ. ಬೆನ್ನುಹುರಿ ಮುರಿದು ಸೊಂಟದಿಂದ ಕೆಳಗೆ ಸತ್ತುಹೋಯಿತು. ಅಡವಿಯಪ್ಪ ಏನನ್ನೂ ಮುಚ್ಚಿಡಲಿಲ್ಲ. ಬಯಲಿನಲ್ಲೇ ಮೇಜರ್ ಮುಂದೆ, ಪೊಲೀಸರ ಮುಂದೆ, ಊರವರ ಮುಂದೆ ಎದೆ ಬಡಿದುಕೊಂಡು ಹೇಳಿದ: "ನಾನು ನೋಡ್ಲಿಲ್ಲ ಸಾರ್. ನೋಡ್ದೇನೇ ಓಕೆ ಅಂದೆ." ಯಾರಿಗೆ ಬೇಕಿತ್ತು ಅದು? ಮೇಜರ್ ತಾವೂ ವಿಮಾನದಲ್ಲಿದ್ದು ನೋಡಬೇಕಿತ್ತು ಎಂದು ತಲೆ ತಗ್ಗಿಸಿದರು. ಪೊಲೀಸರು ಆಕಸ್ಮಿಕ ಎಂದು ಬರೆದುಕೊಂಡರು. ಊರವರು ಹಣೆಬರಹ ಎಂದರು. ಸಿದ್ದಗಂಗಯ್ಯ ಕುಣಿಗಲ್ಲಿಗೆ ಹೋದವನು ಮತ್ತೆ ಗುಬ್ಬಿಯ ಕಡೆ ತಲೆ ಹಾಕಲಿಲ್ಲ.

ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಜುಂಜಪ್ಪನ ಕಾಲ ಬುಡದಲ್ಲಿ ಅಡವಿಯಪ್ಪ ಕುಸಿದು ಕೂತ. "ನನ್ನಿಂದ ಆಯ್ತು ಕಣೋ. ನೋಡ್ಲಿಲ್ಲ ನಾನು. ಉಗಿಯೋ ನನ್ ಮುಖಕ್ಕೆ!"

ಜುಂಜಪ್ಪ ಒಣಗಿದ ತುಟಿಯಲ್ಲಿ ನಕ್ಕ. "ಬುಡ್ಲಾ ಅತ್ಲಾಗೆ. ಕುರಿ ನೋಡ್ದೆ ತಾನೆ? ನಮ್ ಕುರೀನೇ ಅಲ್ವಾ ಅದು?"

ಅವತ್ತಿನಿಂದ ಅಡವಿಯಪ್ಪನಿಗೆ ಬದುಕಿನಲ್ಲಿ ಬೇಕಾಗಿದ್ದು ಒಂದೇ. ಜುಂಜಪ್ಪ ತನ್ನನ್ನು ಒಂದು ಸಲ ಬೈಯಬೇಕು. ಅಪ್ಪ ಅಮ್ಮನನ್ನು ಎಳೆದು, ನಾಲಿಗೆ ಬಂದ ಹಾಗೆ, ಹೊಟ್ಟೆ ತುಂಬ ಬೈಯಬೇಕು. ಬೈಸಿಕೊಂಡರೆ ಎದೆಯ ಮೇಲಿನ ಕಲ್ಲು ಕೂದಲೆಳೆಯಷ್ಟಾದರೂ ಜರುಗೀತು ಎಂಬ ಆಸೆ.

ಪ್ರತಿ ಭಾನುವಾರ ಬಿದರೆಹಳ್ಳಿ ಕಾವಲಿಗೆ ಹೋಗತೊಡಗಿದ. ಹೋದಾಗಲೆಲ್ಲ ಜುಂಜಪ್ಪ ನುಣ್ಣಗೆ ಗಡ್ಡ ಬೋಳಿಸಿಕೊಂಡು, ಒಗೆದ ಅಂಗಿ ತೊಟ್ಟು, ದಿಂಬಿಗೊರಗಿ ಕಾಯುತ್ತಿರುತ್ತಿದ್ದ. "ಬಂದ್ಯೇನ್ಲಾ! ಹೂಂ, ಆಗ್ರಾದ್ದು ಒಂದು ಹೇಳು. ಆ ಪಂಜಾಬಿ ಹವಾಲ್ದಾರ ಬಾಗ್ಲಲ್ಲಿ ಹನುಮಾನ್ ಚಾಲೀಸ ಹೇಳ್ತಿದ್ನಲ್ಲ, ಅದು." ಅಡವಿಯಪ್ಪ ಹೇಳಬೇಕು. ಅವನು ನಗಬೇಕು. ನಡುವೆ ಹನುಮಂತಮ್ಮ ಕರೆದರೆ ಎದ್ದು ಇಬ್ಬರೂ ಸೇರಿ ಅವನನ್ನು ಮಗ್ಗುಲು ತಿರುಗಿಸಬೇಕು. ಬೆನ್ನಿನಲ್ಲಿ ಹುಣ್ಣುಗಳಾಗಿದ್ದವು. ಅಡವಿಯಪ್ಪನೇ ಬಿಸಿನೀರಿನಲ್ಲಿ ತೊಳೆಯುತ್ತಿದ್ದ.

"ಒಂದ್ ಮಾತು ಬೈಯೋ ಮಾರಾಯ," ಎಂದು ಅಂಗಲಾಚಿದ್ದೂ ಉಂಟು.

"ನಿನ್ನ ಬೈದು ನನ್ ಬಾಯಿ ಯಾಕ್ಲಾ ಹೊಲಸು ಮಾಡ್ಕಳ್ಳಿ? ಎಮ್ಮೆ ಕಥೆ ಹೇಳು, ಎಮ್ಮೆದು."

ತುಮಕೂರಿನಲ್ಲಿ ಅಡವಿಯಪ್ಪ ಬೇರೆಯದೇ ಮನುಷ್ಯನಾಗಿಬಿಟ್ಟ. ಬ್ಯಾಂಕಿನ ಬಾಗಿಲಲ್ಲಿ ಮೀಸೆ ಇತ್ತು, ಮಾತಿರಲಿಲ್ಲ. ಮಕ್ಕಳು ಶಾಲೆಗೆ ಹೊರಟರೆ ಚೀಲದ ಪಟ್ಟಿಯನ್ನು ಸವರಿ, ಜಗ್ಗಿ, ಮತ್ತೆ ಸವರಿ, ಗಂಟೆ ಬಾರಿಸಿದರೂ ಬಿಡುತ್ತಿರಲಿಲ್ಲ. ಹಾಕಿದ ಬೀಗವನ್ನು ಎಷ್ಟು ಸಲ ಎಳೆದು ನೋಡಿದರೂ ಸಮಾಧಾನವಿಲ್ಲ. ನಲ್ಲಿಯ ಹತ್ತಿರ ಕೊಲ್ಲಾಪುರಮ್ಮ ಈಗ ಯಾರನ್ನೂ ನಗಿಸುತ್ತಿರಲಿಲ್ಲ. "ಒಂದಿನಾನಾದ್ರೂ ನಮ್ ಜೊತೆ ಇರಿ ಅಂದ್ರೆ, ದೇಹ ಇಲ್ಲೈತೆ, ಜೀವ ಅಲ್ಲೈತೆ," ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು.

ಐದು ವರ್ಷ ಹೀಗೆ ಕಳೆಯಿತು. ಎಂಬತ್ತೆಂಟರ ಮಳೆಗಾಲದಲ್ಲಿ ಜುಂಜಪ್ಪನ ಮೂತ್ರಕೋಶಕ್ಕೆ ಸೋಂಕು ತಗುಲಿ ಜ್ವರ ಏರಿತು. ಕೊನೆಯ ಭಾನುವಾರವೂ ಗಡ್ಡ ಬೋಳಿಸಿಕೊಂಡೇ ಇದ್ದ. ಅಡವಿಯಪ್ಪ ಕಿವಿಯ ಹತ್ತಿರ ಬಗ್ಗಿ, "ಈಗಲಾದ್ರೂ ಏನಾದ್ರೂ ಅನ್ನೋ ನಂಗೆ," ಎಂದು ಅತ್ತ. ಜುಂಜಪ್ಪ ತುಟಿಯ ಮೂಲೆಯಲ್ಲಿ ನಕ್ಕು, "ಭಾನುವಾರ ಬಾರ್ಲಾ," ಎಂದ. ಬುಧವಾರ ಹೋಗಿಬಿಟ್ಟ. ಬೈಗುಳವನ್ನು ಜೊತೆಗೇ ತೆಗೆದುಕೊಂಡು ಹೋದನಲ್ಲ ಎಂದು ಅಡವಿಯಪ್ಪ ಹೆಣದ ಮುಂದೆ ಬಿದ್ದು ಹೊರಳಾಡಿದ.

ತಿಥಿಯ ದಿನ ನೆಂಟರೆಲ್ಲ ಉಂಡು ಹೋದ ಮೇಲೆ ಹನುಮಂತಮ್ಮ ಜಗಲಿಗೆ ಬಂದು ಕಂಬಕ್ಕೊರಗಿ ಕೂತಳು. ಅಡವಿಯಪ್ಪ ಇನ್ನೂ ಊಟಕ್ಕೆ ಎದ್ದಿರಲಿಲ್ಲ.

"ಅಣ್ಣ, ಒಂದ್ ಮಾತು ಐತೆ," ಎಂದಳು. "ಹೇಳ್ಬ್ಯಾಡ ಅಂತ ಆಣೆ ಹಾಕ್ಸಿದ್ರು. ಅವ್ರೇ ಹೋದ್ಮ್ಯಾಲೆ ಯಾರ್ ಆಣೆ ಉಳ್ಸಿ ಏನಾಗ್ಬೇಕು."

"ಏನವ್ವ?"

"ಸೋಮವಾರ ಬೆಳಿಗ್ಗೆ ಎದ್ದ ತಕ್ಷಣ ಸುರು ಮಾಡೋರು. ಗೋಡೆ ಕಡೆ ಮುಖ ಮಾಡ್ಕಂಡು ನಿಮ್ ಹೆಸರಿಡಿದು ಬೈಯೋರು. ನಿಮ್ಮನ್ನ, ನಿಮ್ ಕೈಯ್ಯ, ನಿಮ್ ವಂಶಾನ. ಹುಣ್ಣು ನೋವು ಬಂದ್ರಂತೂ ಕಿವಿ ಮುಚ್ಕಬೇಕು, ಅಂಥ ಮಾತು. ಶನಿವಾರ ಸಂಜೆಗಂಟ. ಆಮೇಲೆ ಬೈಯೋದು, ಅಳೋದು ಎಲ್ಲ ನಿಲ್ಸಿ, 'ಗಡ್ಡ ತಗಿಯೇ, ನಾಳೀಕೆ ಅಡವಿ ಬತ್ತಾನೆ' ಅನ್ನೋರು. ಐದು ವರ್ಷ, ಒಂದ್ ವಾರ ತಪ್ಪಿಲ್ಲ."

ಅಡವಿಯಪ್ಪ ಅವಳ ಕಡೆ ತಿರುಗಿ ಕೂತ. "ನನ್ ಮುಂದೆ ಯಾಕ್ ತಾಯಿ ಅನ್ಲಿಲ್ಲ? ಕಾಲು ಹಿಡ್ದು ಕೇಳ್ಕಂಡ್ನಲ್ಲ!"

"ನಾನೂ ಕೇಳ್ದೆ. ಬೈದ್ಬುಟ್ರೆ ಅವನ ಮನಸ್ಸು ಹಗುರಾಗ್ತದೆ, ಹಗುರಾದ್ರೆ ಬರೋದ್ ಬುಟ್ಬುಡ್ತಾನೆ ಅಂದ್ರು. ಅವನೂ ಬರ್ದಿದ್ರೆ ಆ ಜಂಪ್ ಮಾತೆಲ್ಲ ಯಾರ್ ತಾವ ಆಡ್ಲಿ ಹನುಮಂತಿ, ಗೋಡೆ ತಾವೇನೇ? ಅಂದ್ರು."

ಅಡವಿಯಪ್ಪ ಭಿಕ್ಷೆ ಬೇಡುವವನ ದನಿಯಲ್ಲಿ ಕೇಳಿದ: "ಅವನು ಅಂದಿದ್ರಲ್ಲಿ ಒಂದೇ ಒಂದು ಹೇಳವ್ವ. ಅವನು ಅಂದಂಗೇ ಅನ್ನು. ಇಲ್ದಿದ್ರೆ ನೀನೇ ಬೈಯಿ. ನಿನ್ ಬಾಳು ಕೆಡಿಸ್ದೋನು ನಾನು, ಬೈಯವ್ವ."

ಹನುಮಂತಮ್ಮ ಅವನ ಮುಖವನ್ನೇ ನೋಡಿದಳು. ಮನೆಯೊಳಗೆ ಯಾರೂ ಇರಲಿಲ್ಲ. ಮಂಚದ ಹಾಸಿಗೆ ಸುತ್ತಿ ಹೊರಗೆ ಹಾಕಿಯಾಗಿತ್ತು.

"ಬೈಗುಳ ಹೊಟ್ಟೆ ತುಂಬ ಐತೆ ಅಣ್ಣ," ಎಂದಳು. "ಬೈಯಾಕಿಲ್ಲ. ಎದ್ದು ಉಣ್ಣಿ. ಭಾನುವಾರ ಬನ್ನಿ."