ಐದನೇ ಗುಡ್ಡೆ

ಬಿಳಿಚೋಡಿನ ಕುರಿಗಾಹಿ ಓಬಣ್ಣ ಹಾಕಿದ ಮಾಂಸದ ಪಾಲಿಗೆ ಊರಲ್ಲಿ ಯಾರೂ ತಕರಾರು ತೆಗೆದವರಲ್ಲ. ಎಲುಬು, ಮೆತ್ತನೆಯ ತುಂಡು, ಕೊಬ್ಬು ಎಲ್ಲವನ್ನೂ ಮೂವತ್ತು ವರ್ಷ ಮುತ್ತುಗದ ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿದ ಕೈ ಅದು.

೧೯೮೪ರಲ್ಲಿ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕ ಖುಷಿಗೆ ಅಳಿಯ ಜಯಪ್ಪ, ಹೆಂಡತಿಯ ಜೊತೆ ಅತ್ತೆ ಮಾವನನ್ನೂ ದಾವಣಗೆರೆಯ ದೊಡ್ಡ ಹೋಟೆಲಿಗೆ ಕರೆದೊಯ್ದ. ಓಬಣ್ಣನ ಮುಂದೆ ಹಣ್ಣಿನ ರಸ ಬೆರೆಸಿದ ಜಿನ್ನು ಬಂತು, ಮೇಲೊಂದು ಚೆರ್ರಿ. ಚೆರ್ರಿಯನ್ನು ಹೆಂಡತಿ ಭೀಮಕ್ಕನಿಗೆ ಕೊಟ್ಟು ಉಳಿದದ್ದನ್ನು ಒಂದೇ ಗುಟುಕಿಗೆ ಮುಗಿಸಿದ. ಆಮೇಲೆ ಮಾಣಿ ಕೆಂಡದಲ್ಲಿ ಸುಟ್ಟ ಚಾಪ್ಸಿನ ತಟ್ಟೆಯನ್ನು ಮೇಜಿನ ನಡುವೆ ಇಟ್ಟ.

"ಎಲ್ರೂ ಹಂಚ್ಕೊಂಡು ತಿನ್ನೋದು ಮಾವ" ಎಂದ ಜಯಪ್ಪ. ಆದರೆ ಸಂಕೋಚಕ್ಕೆ ಯಾರೂ ಮೊದಲು ಕೈ ಹಾಕಲಿಲ್ಲ.

ಓಬಣ್ಣ ಫೋರ್ಕನ್ನು ಬದಿಗಿಟ್ಟು, ಅಂಗಿಯ ತೋಳು ಮಡಚಿ, ತಟ್ಟೆಯಲ್ಲೇ ಪಾಲು ಹಾಕತೊಡಗಿದ. ಪಕ್ಕದ ಮೇಜಿನವರು ತಿರುಗಿ ನೋಡಿದರು. ಜಯಪ್ಪ ಮೆಲ್ಲಗೆ ಕೇಳಿದ, "ನಾವು ನಾಲ್ಕೇ ಜನ. ಐದು ಗುಡ್ಡೆ ಯಾಕ್ರಿ ಮಾವ?"

"ಕೊಯ್ದೋನ ಪಾಲು ತೆಗೀದೆ ಎಂದಾದ್ರೂ ಉಂಡೀವೇನು? ಇಲ್ಲಿ ಬೆಂಕಿ ಮುಂದೆ ನಿಂತು ಸುಟ್ಟೋನು ಒಬ್ಬ ಅದಾನಲ್ಲ."

ಐದನೇ ಗುಡ್ಡೆ ಮಾಣಿಯ ಕೈಯಲ್ಲಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಅಡುಗೆಮನೆಯ ಬಾಗಿಲಲ್ಲಿ ಬಿಳಿ ಟೋಪಿಯೊಂದು ಇಣುಕಿತು. ಅದರ ಕೆಳಗಿನ ಬಾಯಿ ಇನ್ನೂ ಅಗಿಯುತ್ತಲೇ ಇತ್ತು.